ಗೋಡೆಯ ಕೆಳಗಿನ ಹಾಳೆ

ಬೋನಾಳ, ಸೋಮವಾರ

ಎಂಜಿನಿಯರ್ ಕಲ್ಪನಾ ಮೇಡಂ ಅವರಿಗೆ ಗೌಂಡಿ ಅಂಬಣ್ಣನ ನಮಸ್ಕಾರ.

ತಡೆಗೋಡೆಯ ಹಿಂದೆ ನಾಳೆ ಮಣ್ಣು ತುಂಬಿಸಬೇಡಿರಿ. ಬುನಾದಿ ಮರಳ ಮೇಲೆ ಜಾರೀತೇ ಎಂದು ನೋಡಲು ನೀವು ಪರೀಕ್ಷೆಗೆ ಒಯ್ದ ಕಾಂಕ್ರೀಟ್ ತುಂಡನ್ನು ನಾನು ಬರೀ ಮರಳಿನ ಮೇಲೆ ಎರಕ ಹೊಯ್ದಿದ್ದೆ. ಅದರ ಒರಟು ತಳ ಮರಳನ್ನು ಕಚ್ಚಿ ಹಿಡಿಯಿತು. ಗೋಡೆಯ ಬುನಾದಿಯ ಅಡಿಗೆ ಮಾತ್ರ, ಸಿಮೆಂಟಿನ ಹಾಲು ಸೋರಬಾರದೆಂದು, ಮನೆಗಳಿಗೆ ಮಾಡುವಂತೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ನಿನ್ನೆ ಹಾಳೆಯ ಮೇಲೆ ಉಳಿದಿದ್ದ ತುಂಡೊಂದನ್ನು ಹೊರಳಿಸಿದೆ. ತಳ ಗಾಜಿನಷ್ಟು ನುಣುಪು. ಮರಳ ಮೇಲಿಟ್ಟು ಕಾಲಿನಿಂದ ತಳ್ಳಿದರೆ ಜಾರಿಹೋಯಿತು.

ಗೋಡೆ ಒಡೆಯುವುದಿಲ್ಲ ಮೇಡಂ, ಮಣ್ಣಿನ ಭಾರಕ್ಕೆ ಇಡಿಯಾಗಿ ಸರಿಯುತ್ತದೆ.

ಅದರ ಬುಡದಲ್ಲೇ ನನ್ನ ಅಕ್ಕ ಬಸ್ಸಮ್ಮನ ಗುಡಿಸಲು, ಕುರಿದೊಡ್ಡಿ ಇವೆ. "ಅಕ್ಕಾ, ಈ ಜಾಗ ಬಿಡು" ಎಂದೆ. ಕಾರಣ ಹೇಳಲು ಬಾಯಿ ಬರಲಿಲ್ಲ. ನಕ್ಕಳು: "ನನ್ನ ತಮ್ಮ ಕಟ್ಟಿದ ಗ್ವಾಡಿ, ಎಲ್ಲಿ ಹೋಗ್ತದ?"

ನೀವೇ ಬಂದು ಅವಳಿಗೆ ಹೇಳಿರಿ.

ನಿಮ್ಮ ದಾರಿ ಕಾಯುತ್ತಿರುವ
ಅಂಬಣ್ಣ