ಹೊರಡದ ಹಡಗಿನ ಅತಿಥಿ

ಅಕ್ಕನಿಗೆ ತಂಗಿಯ ನಮಸ್ಕಾರ.

ನಾನು ಕಡಲು ಸುತ್ತುತ್ತಿದ್ದೇನೆಂದು ಬೀದಿಗೆಲ್ಲ ಹೇಳಿದ್ದೀಯಂತೆ, ಸ್ವಲ್ಪ ತಡೆದುಕೋ. ನಮ್ಮ ಹೊಸ ವಿಹಾರ ಹಡಗು ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಇನ್ನೂ ಬಂದರಿನಲ್ಲೇ ನಿಂತಿದೆ. ಒಮ್ಮೆ ಲಿಫ್ಟ್ ಕೆಟ್ಟು ಉದ್ಘಾಟನೆ ನಿಂತಿತು, ಒಮ್ಮೆ ಮಂತ್ರಿಗಳಿಗೆ ಬಿಡುವಿರಲಿಲ್ಲ. ಈ ಸಲ ಯಾಕೆಂದು ಯಾರೂ ಬಾಯಿ ಬಿಡುತ್ತಿಲ್ಲ.

ಸುಮ್ಮನೆ ಕೂತರೆ ಕೆಲಸ ಮರೆತೇವೆಂದು ಮೊನ್ನೆ ಅಭ್ಯಾಸ ಮಾಡಿಸಿದರು. ನಮ್ಮಲ್ಲೇ ಅರ್ಧ ಜನ ಅತಿಥಿಗಳಾಗಬೇಕು, ಉಳಿದವರು ಸೇವೆ ಮಾಡಬೇಕು. ಇಸ್ತ್ರಿ ಕೋಣೆಯಲ್ಲಿ ದುಡಿಯುವ ನನಗೆ ಚೀಟಿಯಲ್ಲಿ ಬಂದದ್ದು ಎಲ್ಲಕ್ಕಿಂತ ದೊಡ್ಡ ಕೋಣೆ. ದಿನಾ ನನ್ನ ಮೇಲೆ ಹರಿಹಾಯುವ ಸೂಪರ್‌ವೈಸರಮ್ಮನೇ ಚಹಾ ತಂದು, "ಇನ್ನೇನಾದ್ರೂ ಬೇಕಾ ಮೇಡಂ?" ಎಂದು ಬಾಗಿ ನಿಂತರು. ಅತಿಥಿ ಎಂದಮೇಲೆ ಏನಾದರೂ ದೂರಬೇಕಲ್ಲ. "ಬೆಡ್‌ಶೀಟು ಸುಕ್ಕಾಗಿದೆ," ಎಂದೆ.

ಮರುದಿನ ಬೆಳಿಗ್ಗೆ ಅವರು ಇಸ್ತ್ರಿ ಕೋಣೆಗೇ ಬಂದರು.

"ದೊಡ್ಡ ರೂಮಿನ ಗೆಸ್ಟು ಕಂಪ್ಲೇಂಟ್ ಕೊಟ್ಟಿದ್ದಾರೆ. ಆ ಬೆಡ್‌ಶೀಟು ಇಸ್ತ್ರಿ ಮಾಡಿದ್ದು ಯಾರು?"

"ನಾನೇ."

"ಹಾಗಾದ್ರೆ ಹೋಗಿ ಅವರ ಹತ್ರ ಸಾರಿ ಕೇಳು."

"ಆ ಗೆಸ್ಟೂ ನಾನೇ ಅಲ್ವಾ ಮೇಡಂ?"

"ಅಭ್ಯಾಸ ಅಂದ್ರೆ ಅಭ್ಯಾಸ. ಕೇಳು ಅಂದ್ರೆ ಕೇಳು."

ಆ ಖಾಲಿ ಕೋಣೆಗೆ ಹೋಗಿ, ಅವರೆದುರೇ ಕನ್ನಡಿಗೆ ಕೈಮುಗಿದು ತಪ್ಪಾಯಿತು ಎಂದು ಬಂದೆ.

ಆರೋಗ್ಯ ಚೆನ್ನಾಗಿದೆ. ನಿಂತ ಹಡಗಿನಲ್ಲೂ ಎರಡು ಸಲ ವಾಂತಿಯಾಯಿತು, ಅಷ್ಟೇ. ಪೂರ್ತಿ ಸಂಬಳ ಹಡಗು ಹೊರಟ ಮೇಲಂತೆ; ಅಮ್ಮನಿಗೆ ಓದಿ ಹೇಳುವಾಗ ಈ ಸಾಲು ಬಿಟ್ಟುಬಿಡು.

ಇವತ್ತು ಸೂಪರ್‌ವೈಸರಮ್ಮ ಅತಿಥಿ, ಚಹಾ ಒಯ್ಯುವವಳು ನಾನು. ಆಗಲೇ ಮೂರನೇ ಸಲ ಗಂಟೆ ಒತ್ತುತ್ತಿದ್ದಾರೆ, ಓಡಿದೆ.

ನಿನ್ನ ತಂಗಿ