ಲವೋನ್ ಮನೆಯ ಚಕ್ರಗಳು

ಮಾರ್ಚ್ 14, ಗುರುವಾರ

ಹೊಟ್ಟೆಯುರಿ ಇನ್ನೂ ಇಳಿದಿಲ್ಲ. ಚಕ್ರದ ಮೇಲೆ ಎಳೆದು ತಂದ ನಮ್ಮ ಟ್ರೇಲರ್ ಮನೆಗಳು ನಿಂತಿರುವ ಜಾಗದ ಹೊಸ ಮಾಲೀಕ ಬ್ರಾಕ್‌ಮನ್ ಇವತ್ತು ಸಭೆಯಲ್ಲಿ, "ಬಾಡಿಗೆ ಜಾಸ್ತಿ ಅನ್ಸಿದ್ರೆ ನಿಮ್ಮನಿಮ್ಮ ಮನೆ ಎಳ್ಕೊಂಡು ಹೋಗಿ, ನೆಲ ನಂದು," ಎಂದ. ನಾವು ಮುದುಕರೆಲ್ಲ ತಲೆ ತಗ್ಗಿಸಿದೆವು. ಪಕ್ಕದ ಮನೆಯ ಲವೋನ್ ಮಾತ್ರ ಎದ್ದು, "ಹೋಗ್ತೀನಪ್ಪ. ನಾನೇನು ಚಕ್ರ ಬಿಚ್ಚಿಲ್ಲ. ಜಾರ್ಜಿಯಾದಲ್ಲಿ ತಮ್ಮನ ಹೊಲ ಇದೆ," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ಮನೆಯ ಚಕ್ರಗಳನ್ನು ನಮ್ಮ ಯಜಮಾನರು ಇಲ್ಲಿಗೆ ಬಂದ ವರ್ಷವೇ ಮಾರಿ, ದೋಣಿಗೆ ಮೋಟಾರು ತಂದಿದ್ದರು. ಅದು ಅವಳಿಗೂ ಗೊತ್ತು. "ನೀನು ದೋಣೀಲಿ ಬಾರೇ ನೆವಾ," ಎಂದು ಎಲ್ಲರೆದುರು ನಕ್ಕಳು.

ಸಂಜೆ ಅವಳು ಚರ್ಚಿಗೆ ಹೋದಾಗ ತಡೆಯಲಾರದೆ ಅವಳ ಮನೆಯಡಿ ಟಾರ್ಚ್ ಬಿಟ್ಟು ನೋಡಿದೆ. ಚಕ್ರಗಳಿವೆ, ನಿಜ. ಆದರೆ ಅವುಗಳ ಮೇಲೆ ಮನೆ ಹೊತ್ತ ಕಬ್ಬಿಣದ ಚಾಸಿ ತುಕ್ಕು ಹಿಡಿದು, ಬೆರಳು ತಾಗಿದ್ದಕ್ಕೇ ಬಿಸ್ಕತ್ತಿನಂತೆ ಉದುರಿತು. ಎಳೆದರೆ ಗೇಟು ದಾಟುವ ಮೊದಲೇ ಮನೆ ಮುರಿಯುತ್ತದೆ.

ಈಗ ಅವಳು ಹಾಡಿಕೊಳ್ಳುತ್ತ ತಟ್ಟೆಗಳನ್ನು ಪೇಪರಿನಲ್ಲಿ ಸುತ್ತುತ್ತಿರುವುದು ಕಿಟಕಿಯಿಂದ ಕಾಣುತ್ತಿದೆ. ಬೆಳಿಗ್ಗೆ ಹೇಳಬೇಕು. ಹೇಳುತ್ತೇನೆ. ಆದರೂ ಇವತ್ತೊಂದು ರಾತ್ರಿ ಅವಳು ಹೊರಟವಳ ನಿದ್ದೆ ಮಾಡುತ್ತಾಳಲ್ಲ, ನನಗೆ ಅದಕ್ಕೂ ಹೊಟ್ಟೆಕಿಚ್ಚು.