ಕ್ರೇನ್ ಮೇಲಿನವಳು

ಮಾರ್ಚ್ 4, ಬೆಳಿಗ್ಗೆ 6.40

ಹತ್ತಿದ್ದಾಯಿತು. ಇನ್ನೂರ ಅರವತ್ತು ಮೆಟ್ಟಿಲು, ನಡುವೆ ನಾಲ್ಕು ಅಟ್ಟಗಳಲ್ಲಿ ನಿಂತು ಉಸಿರು. ಕ್ಯಾಬಿನ್ ಗಾಜು ಒರೆಸಿದೆ. ಬ್ರೇಕ್ ಸರಿ. ಕೊಕ್ಕೆ ಸರಿ. ಗಾಳಿ ಮೀಟರ್ ಹನ್ನೆರಡು.

ಚಿಲಕ ಹಾಕಿ ದಿನದ ಅಭ್ಯಾಸ — ಐದು ನಿಮಿಷ ನನ್ನ ದನಿಯಲ್ಲಿ ಮಾತು. ನಿಜವಾದ ದನಿಯಲ್ಲಿ. ಎಪ್ಪತ್ತು ಮೀಟರ್ ಎತ್ತರದಲ್ಲಿ ಹೆಂಗಸಾಗಿರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕಾಗೆಗಳ ತಕರಾರಿಲ್ಲ.

ಆಮೇಲೆ ವಾಕಿಟಾಕಿ ಆನ್. ಗಂಟಲು ಕೆಳಗಿಳಿಸಿ, "ರೆಡಿ ಮಾವ."

"ಏನೋ, ಸ್ವರ್ಗದಲ್ಲಿ ಹೇಗಿದೆ ಹವಾ?"

ಮೀಸೆ ಮಾವ. ಕೆಳಗೆ ನಿಂತು ಸಿಗ್ನಲ್ ಕೊಡುವವರು. ಸೈಟಿಗೆಲ್ಲ ಮಾವ. ಗೋಡೆಯಾಚೆ, ಗುಂಡಿಯೊಳಗೆ, ನನಗೆ ಕಾಣದ ಕಡೆಯೆಲ್ಲ ಸಾಮಾನು ಇಳಿಸುವುದು ಅವರ ಮಾತು ಕೇಳಿಕೊಂಡು. ಕಣ್ಣು ಅವರದು, ಕೈ ನನ್ನದು. ಹನ್ನೊಂದು ವರ್ಷವಾಯಿತು. ಮುಖಕ್ಕಿಂತ ದನಿಯ ಪರಿಚಯವೇ ಜಾಸ್ತಿ. ಅವರಿಗೆ ಗೊತ್ತಿರುವುದೂ ನನ್ನದಲ್ಲದ ದನಿ.

ಸೂರ್ಯ ಹುಟ್ಟಿದ. ಊರಿನಲ್ಲಿ ಅವನನ್ನು ಮೊದಲು ನೋಡುವವಳು ನಾನು. ದಿನಾ ಮೈ ಜುಂ ಅನ್ನುತ್ತಿತ್ತು. ಇವತ್ತು ನೋಡಿದೆ. ಕೆಂಪಗೆ ದುಂಡಗೆ ಏನೋ ಒಂದು. ಅಷ್ಟೇ.

ಭಯವಾಯಿತು.

ಮಾರ್ಚ್ 9

ನಿದ್ದೆ ಮೂರು ಗಂಟೆ. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಗೆ ಟವೆಲ್ ಹೊದಿಸುತ್ತೇನೆ. ಹೊಸದಲ್ಲ. ಗಾಯವೂ ಹೊಸದಲ್ಲ. ಕ್ಯಾಂಟೀನಿನಲ್ಲಿ ಶಟರಿಂಗ್ ಮೇಸ್ತ್ರಿ, "ಏನಣ್ಣ, ಮುಖದ ಮೇಲೆ ಬೆಕ್ಕು ಓಡಾಡ್ತಾ?" ಅಂದ. ಎಲ್ಲರ ಜೊತೆ ನಾನೂ ನಕ್ಕೆ. ನಗುವುದೂ ಈಗ ಓವರ್‌ಟೈಮ್ ಕೆಲಸ.

ಸಂಜೆ ಅಕ್ಕನ ಫೋನ್. ಸ್ಕೂಲ್ ಬಸ್ ಓಡಿಸುತ್ತಾಳೆ, ಡಿಪೋದಿಂದಲೇ ಮಾಡುತ್ತಾಳೆ.

"ತಮ್ಮಾ, ಊಟ ಆಯ್ತಾ?"

"ಆಯ್ತು." ಆಗಿರಲಿಲ್ಲ.

"ನಿನ್ನ ದನಿ ಯಾಕೋ ಬಾವಿಯಿಂದ ಬಂದ ಹಾಗಿದೆ."

"ಇನ್ನೂ ಮೇಲೇ ಇದ್ದೀನಿ ಅಕ್ಕ. ಗಾಳಿ."

ಮನೆಯಲ್ಲಿದ್ದೆ. ಹಾಸಿಗೆ ಮೇಲೆ. ಬೂಟು ಬಿಚ್ಚದೆ.

ಮಾರ್ಚ್ 17

ಲಿಫ್ಟಿನ ಗುಂಡಿಗೆ ಕಬ್ಬಿಣದ ಕಟ್ಟು ಇಳಿಸುವ ಕೆಲಸ. ಮಾವ ಹೇಳುತ್ತಿದ್ದರು — ಇಳಿಸು... ಇಳಿಸು... ಸ್ವಲ್ಪ... ನಿಲ್ಲಿಸು. ನಿಲ್ಲಿಸೋ!

ಕೇಳಿಸಿತು. ಕೈಗೆ ತಲುಪಲಿಲ್ಲ. ಎರಡು ಸೆಕೆಂಡ್. ಕಟ್ಟು ಗೋಡೆಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಗುಂಡಿಯ ಮೂಲೆಯಲ್ಲಿ ಮೇಸ್ತ್ರಿಯ ಕಡೆಯವರು ಇಬ್ಬರಿದ್ದರು.

"ಎಲ್ಲಿದ್ದೀಯೋ?"

"ಇಲ್ಲೇ ಮಾವ."

ಇಲ್ಲಿರಲಿಲ್ಲ. ಎಲ್ಲಿದ್ದೆ ಅಂತ ಗೊತ್ತು. ಬರೆಯುವುದಿಲ್ಲ.

ಮಾರ್ಚ್ 21, ಆಸ್ಪತ್ರೆ

ಪೆನ್ನು ಇವತ್ತು ಕೇಳಿ ಪಡೆದೆ. ಮರೆಯುವ ಮೊದಲು ಬರೆಯಬೇಕು.

ಹದಿನೆಂಟರ ಬೆಳಿಗ್ಗೆ. ಎಂದಿನಂತೆ ಹತ್ತಿ ಕುಳಿತೆ. ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡೆ. ಅವುಗಳ ಮೇಲೆ ನಂಬಿಕೆ ಇರಲಿಲ್ಲ.

"ಮಾವ, ಇವತ್ತು ಎತ್ತಲ್ಲ."

"ಯಾಕೋ? ಗಾಳಿ ಜಾಸ್ತಿ ಇದ್ಯಾ?"

"ಗಾಳಿ ಇಲ್ಲ. ನನಗೇ ಸರಿಯಿಲ್ಲ. ಬದುಕೋದೇ ಬೇಡ ಅನ್ನಿಸ್ತಿದೆ."

ಒಂದನೇ ಚಾನೆಲ್. ಸೈಟಿಗೆಲ್ಲ ಕೇಳುತ್ತದೆ. ಮಾವ ಒಂದೇ ಮಾತು ಅಂದರು. "ನಾಲ್ಕಕ್ಕೆ ಬಾ."

ನಾಲ್ಕನೇ ಚಾನೆಲ್ ಯಾರೂ ಬಳಸುವುದಿಲ್ಲ. ಅಲ್ಲಿ ಹೇಳಿದೆ. ನಿಜವಾದ ದನಿ ತಾನಾಗಿ ಬಂತು. ಗಂಟಲು ಇಳಿಸುವ ತ್ರಾಣ ಉಳಿದಿರಲಿಲ್ಲ. "ನಾನು ಗಂಡಸಲ್ಲ ಮಾವ. ಯಾವತ್ತೂ ಆಗಿರಲಿಲ್ಲ. ವೇಷ ಹೊತ್ತು ಹೊತ್ತು ಸಾಕಾಯ್ತು."

ಗರಗರ. ಬರೀ ಗರಗರ. ಆಮೇಲೆ —

"ಸರಿ. ಕೇಳಿಸ್ತು. ಈಗ ನಾನು ಹೇಳಿದಷ್ಟೇ ಮಾಡು. ಬೆಲ್ಟಿನ ಕೊಕ್ಕೆ ಹಾಕು. ಸದ್ದು ನಂಗೆ ಕೇಳ್ಬೇಕು."

ಟಕ್.

"ಬಲಗಾಲು. ಇಳಿ. ಇನ್ನೊಂದು. ಸ್ವಲ್ಪ... ಸ್ವಲ್ಪ... ನಿಲ್ಲು, ಉಸಿರಾಡು. ಇನ್ನೊಂದು."

ಕಬ್ಬಿಣ ಇಳಿಸುವ ಅದೇ ದನಿ. ಅವಸರವಿಲ್ಲ, ಅಳುವಿಲ್ಲ, ಬುದ್ಧಿಮಾತಿಲ್ಲ. ಅದರ ಹಿಂದೆಯೇ ಇಳಿದೆ. ಎಷ್ಟು ಮೆಟ್ಟಿಲೋ. ಎರಡನೇ ಅಟ್ಟ ಮುಟ್ಟಿದಾಗ ಅಲ್ಲಿ ಯಾರೋ ಇದ್ದರು. ಕಂಬಿಯನ್ನು ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಮೀಸೆ ಬೆವರಿನಲ್ಲಿ ತೊಯ್ದು, ವಾಕಿಟಾಕಿಯಲ್ಲಿ — "ಇನ್ನೊಂದು... ಇನ್ನೊಂದು..."

ಮಾವ. ಎತ್ತರ ಅಂದರೆ ತಲೆ ಸುತ್ತುವ ಮನುಷ್ಯ. ಹನ್ನೊಂದು ವರ್ಷದಲ್ಲಿ ಯಾವ ಕ್ರೇನಿನ ಒಂದು ಮೆಟ್ಟಿಲೂ ಹತ್ತಿದವರಲ್ಲ. ನನ್ನನ್ನು ಇಳಿಸುತ್ತಾ ಇಳಿಸುತ್ತಾ ತಾವು ಹತ್ತುತ್ತಾ ಬಂದಿದ್ದಾರೆ. ಆಮೇಲೆ ಮುಂದಕ್ಕೂ ಆಗದೆ, ಹಿಂದಕ್ಕೂ ಆಗದೆ ಅಲ್ಲೇ ಅಂಟಿಕೊಂಡಿದ್ದಾರೆ.

ಅವರನ್ನು ನೋಡುತ್ತಾ ನಿಂತೆ. ಮೈ ಜುಂ ಅಂದಿತು.

ಉಳಿದರ್ಧ ಅವರನ್ನು ನಾನೇ ಇಳಿಸಿದೆ. ನಾನು ಮುಂದೆ ಇಳಿದು, ಅವರ ಬೂಟು ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಡಿಸುತ್ತಾ. "ಬಲಗಾಲು ಮಾವ. ಇನ್ನೊಂದು." ನೆಲ ಮುಟ್ಟಿದ ಮೇಲೆ ಕಣ್ಣು ಬಿಟ್ಟು, "ಯಾರು ಯಾರನ್ನ ಇಳಿಸಿದ್ರು ಅಂತ ಆಮೇಲೆ ಲೆಕ್ಕ ಹಾಕೋಣ, ಮೊದಲು ಆಸ್ಪತ್ರೆಗೆ ನಡಿ" ಅಂದರು.

ಮಾರ್ಚ್ 23

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲ ಪ್ರಶ್ನೆ, "ನಿಮ್ಮನ್ನ ಏನಂತ ಕರೀಲಿ?"

ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲೇ ಇಟ್ಟುಕೊಂಡ ಹೆಸರು. ಹೇಳಿದೆ. ಅದನ್ನೇ ಫೈಲಿನ ಮೇಲೆ ಬರೆದರು. ಕಾಗುಣಿತ ಸರಿಯೇ ಅಂತ ತಿರುಗಿಸಿ ತೋರಿಸಿದರು. ನೀಲಿ ಶಾಯಿ. ನಾಲ್ಕು ಅಕ್ಷರ. ಇಷ್ಟು ದಿನ ಅದಕ್ಕೆ ಆಕಾರವೇ ಇರಲಿಲ್ಲ. ನೋಡುತ್ತಲೇ ಕುಳಿತೆ, ಅವರು ಕಾದರು.

"ಎರಡನ್ನೂ ಒಂದೇ ಗಂಟು ಕಟ್ಬೇಡಿ. ನೀವು ಹೆಣ್ಣು ಅನ್ನೋದು ಕಾಯಿಲೆ ಅಲ್ಲ. ನಿದ್ದೆ ಇಲ್ದಿರೋದು, ಊಟ ಸೇರ್ದಿರೋದು, ಸಾಯೋ ಯೋಚನೆ — ಅದು ಕಾಯಿಲೆ. ಅದಕ್ಕೆ ಮದ್ದಿದೆ."

"ಹಾಗಾದ್ರೆ ಕಾಯಿಲೆ ಎಲ್ಲಿಂದ ಬಂತು?"

"ನಲವತ್ತು ವರ್ಷ ಉಸಿರು ಬಿಗಿ ಹಿಡಿದ್ರೆ ಯಾರಿಗಾದ್ರೂ ಬರುತ್ತೆ."

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು — ಅಷ್ಟೆತ್ತರದ ಕ್ರೇನ್ ಬಿರುಗಾಳಿಯಲ್ಲಿ ಬೀಳುವುದಿಲ್ಲವೇ? ಹೇಳಿದೆ. ಕೆಲಸ ಮುಗಿದ ಮೇಲೆ ತೋಳಿನ ಬ್ರೇಕ್ ಸಡಿಲಬಿಟ್ಟು ಬರುತ್ತೇವೆ. ಗಾಳಿ ಬೀಸುವ ಕಡೆಗೆ ತೋಳು ತಾನೇ ತಿರುಗಿಕೊಳ್ಳುತ್ತದೆ. ಬಿಗಿ ಹಿಡಿದರೆ ಬೀಳುತ್ತದೆ.

ಡಾಕ್ಟರಮ್ಮ, "ಅಬ್ಬಾ" ಅಂದರು. ಎಳೆ ಮಗುವಿನ ಹಾಗೆ.

ಮಾರ್ಚ್ 29

ಅಕ್ಕನಿಗೆ ಫೋನಿನಲ್ಲಿ ಹೇಳಿ ಐದು ದಿನ. ಆ ಕಡೆಯಿಂದ ಸದ್ದಿಲ್ಲ. ನನ್ನ ಪಾಲಿಗೆ ಅಕ್ಕ ಮುಗಿದಳು ಅಂದುಕೊಂಡಿದ್ದೆ.

ಇವತ್ತು ಮಧ್ಯಾಹ್ನ ಬಂದಳು. ಡ್ರೈವರ್ ಸಮವಸ್ತ್ರ, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಹಣ್ಣು ಸುಲಿಯುತ್ತಾ ಕುಳಿತಳು. ಒಂದು, ಎರಡು, ಮೂರು. ತಟ್ಟೆ ತುಂಬಿತು.

"ಐದು ದಿನ ಯಾಕೆ ಬರ್ಲಿಲ್ಲ ಗೊತ್ತಾ? ಸಿಟ್ಟು."

"ಗೊತ್ತು."

"ನಿನ್ನ ಮೇಲಲ್ಲ. ನನ್ನ ಮೇಲೆ. ಬಸ್ಸಲ್ಲಿ ಐವತ್ತು ಮಕ್ಕಳು. ಯಾರ ಹೊಟ್ಟೆ ನೋಯ್ತಿದೆ ಅಂತ ಕನ್ನಡೀಲಿ ನೋಡೇ ಹೇಳ್ತೀನಿ. ಒಂದೇ ಮನೇಲಿ ಬೆಳೆದ ನಿನ್ನ ಮುಖ ಕಾಣ್ಲಿಲ್ವಲ್ಲ."

ತಟ್ಟೆಯಿಂದ ಒಂದು ತೊಳೆ ತೆಗೆದು ಅವಳ ಕೈಗಿಟ್ಟೆ.

"ತಮ್ಮಾ ಅಂತ ಕರೆದ ನಾಲಿಗೆ. ತಪ್ಪುತ್ತೆ. ತಪ್ಪಿದಾಗ ಮುಖ ತಿರುಗಿಸ್ಬೇಡ, ತಿದ್ದು. ಚಿಕ್ಕವಳಿದ್ದಾಗ ತಂಗಿ ಬೇಕು ಅಂತ ಅಮ್ಮನ ಹತ್ರ ಎಷ್ಟು ರಂಪ ಮಾಡಿದ್ದೆ ಗೊತ್ತಾ?" ಮೂಗು ಒರೆಸಿಕೊಂಡಳು. "ಬಸ್ಸು ಲೇಟು. ಪರವಾಗಿಲ್ಲ. ಬಂತಲ್ಲ."

ಏಪ್ರಿಲ್ 16

ಹದಿನೆಂಟು ದಿನ ಬರೆದಿಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲ. ಗುಳಿಗೆ, ಒಣಗಿದ ಬಾಯಿ, ಮಂಪರು. ಮದ್ದು ನಾಟುತ್ತಿಲ್ಲ ಅಂತ ಡಾಕ್ಟರಮ್ಮನ ಹತ್ತಿರ ಜಗಳವಾಡಿದೆ. ತಾಳಿ ಅಂದರು.

ನಿನ್ನೆ ಏಳು ಗಂಟೆ ನಿದ್ದೆ. ಎದ್ದಾಗ ವಾರ್ಡಿನ ಆಯಾ ನೆಲ ಒರೆಸುತ್ತಿದ್ದಳು. ಬಕೆಟ್ಟಿನ ನೀರಿನ ಮೇಲೆ ಬಿಸಿಲು ಬಿದ್ದು ಚಾವಣಿಯಲ್ಲಿ ಬೆಳಕು ಅಲ್ಲಾಡುತ್ತಿತ್ತು. ಅವಳು ಬಟ್ಟೆ ಅದ್ದಿದಾಗ ಒಡೆಯುತ್ತಿತ್ತು. ಮತ್ತೆ ಕೂಡಿಕೊಳ್ಳುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ. ಇದು ಮೊದಲಿನಿಂದಲೂ ಇತ್ತೆ? ಎಲ್ಲ ಬಕೆಟ್ಟಿನಲ್ಲೂ?

"ಏನಮ್ಮ, ಚಾವಣಿ ಸೋರ್ತಿದ್ಯಾ?" ಆಯಾ ಕೇಳಿದಳು.

"ಹೂಂ," ಅಂದೆ. "ಸೋರ್ತಿದೆ."

ಜುಲೈ 2

ಅಕ್ಕನ ಮನೆ. ಹಾರ್ಮೋನ್ ಶುರುವಾಗಿ ಆರು ವಾರ. ಟವೆಲ್ ಈಗ ಕನ್ನಡಿಯ ಮೇಲಿಲ್ಲ, ಗೂಟದಲ್ಲಿದೆ.

ಮಾವ ಬಂದಿದ್ದರು. ಇಸ್ತ್ರಿ ಅಂಗಿ. ಕುರ್ಚಿಯ ತುದಿಯಲ್ಲಿ ಕುಳಿತರು, ವಧು ನೋಡಲು ಬಂದವರ ಹಾಗೆ.

"ಒಂದು ಸಮಸ್ಯೆ ಆಗಿದೆ."

"ಏನು ಮಾವ?"

"ಇನ್ಮೇಲೆ ನಿನ್ನ 'ಲೋ' ಅನ್ನೋ ಹಾಗಿಲ್ಲ. 'ಲೇ' ಅಂದ್ರೆ ನನ್ನ ಹೆಂಡ್ತಿ ನೆನಪಾಗಿ ಎದೆ ಡವಡವ ಅನ್ನುತ್ತೆ. 'ರೀ' ಅನ್ನೋಕೆ ನೀನೇನು ಇಂಜಿನಿಯರಾ? ದಾರಿ ಹೇಳು."

ಅಡುಗೆಮನೆಯಿಂದ ಅಕ್ಕ ಗಹಗಹಿಸಿದಳು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು. ಓವರ್‌ಟೈಮ್ ಅಲ್ಲ. ಮೂವರೂ ಒಂದು ಗಂಟೆ ಚರ್ಚಿಸಿದರೂ ಇತ್ಯರ್ಥವಾಗಲಿಲ್ಲ. "ಮೊದಲು ಕೆಲಸಕ್ಕೆ ಬಾ. ಹೊಸಬನ ಕೈ ಮರದ ಕೊರಡು, ಸಾಕಾಗಿದೆ. ಕರೆಯೋದು ಬಾಯಿಗೆ ತಾನೇ ಬರುತ್ತೆ" ಅಂದು ಎದ್ದರು.

ಆಗಸ್ಟ್ 11

ಸೈಟ್ ಆಫೀಸು. ಡಾಕ್ಟರಮ್ಮನ ಫಿಟ್‌ನೆಸ್ ಪತ್ರ ಇಂಜಿನಿಯರ್ ಕೈಯಲ್ಲಿ. ತಿಂಗಳಿಗೊಮ್ಮೆ ತಪಾಸಣೆ ಅನ್ನುವ ಷರತ್ತು. ಬಾಗಿಲಲ್ಲಿ ಮಾವ. ಎದುರಿಗೆ ಶಟರಿಂಗ್ ಮೇಸ್ತ್ರಿ, ಕೈ ಕಟ್ಟಿಕೊಂಡು.

"ಗಂಡೋ ಹೆಣ್ಣೋ, ಅದು ಇವರ ವಿಷಯ ಸಾರ್. ನಮ್ಮ ತಲೆ ಮೇಲೆ ಕಬ್ಬಿಣ ತೂಗಾಡುತ್ತೆ, ಅದು ನಮ್ಮ ವಿಷಯ. ಅವತ್ತು ಎರಡು ಸೆಕೆಂಡ್ ಕೈ ತಪ್ಪಿತ್ತು. ನಾನು ಮರ್ತಿಲ್ಲ."

ಸಿದ್ಧಮಾಡಿಕೊಂಡು ಬಂದ ಮಾತೆಲ್ಲ ಗಾಳಿಗೆ ಹೋಯಿತು. ಅವನು ಹೇಳಿದ್ದು ಸುಳ್ಳಲ್ಲ.

"ನಾನೂ ಮರ್ತಿಲ್ಲ," ಅಂದೆ. ನನ್ನ ದನಿಯಲ್ಲೇ. "ಅದಕ್ಕೇ ಮಾರನೇ ದಿನ ಎತ್ತಲಿಲ್ಲ. ಮತ್ತೆ ಹಾಗಾದ್ರೆ ಮತ್ತೆ ಇಳೀತೀನಿ. ಹೇಳಿಯೇ ಇಳೀತೀನಿ."

ಮೇಸ್ತ್ರಿ ಕಟ್ಟಿದ್ದ ಕೈ ಬಿಟ್ಟ. "ಕೈಲಾಗಲ್ಲ ಅಂತ ಹೇಳಿ ಇಳಿಯೋರನ್ನ ನಾನು ಇನ್ನೂ ನೋಡಿಲ್ಲ," ಅಂದ. "ನನ್ನ ಅಣ್ಣ ಹೇಳಿರಲಿಲ್ಲ. ಹೇಳಿದ್ದಿದ್ರೆ ಇವತ್ತು ಇರ್ತಿದ್ದ."

ಇಂಜಿನಿಯರ್ ಸಹಿ ಹಾಕಿದರು.

ಆಗಸ್ಟ್ 12, ಸಂಜೆ

ಮೊದಲ ಕೆಲಸವೇ ಗುಂಡಿಯೊಳಗೆ ಕಬ್ಬಿಣ. ತನ್ನವರನ್ನೆಲ್ಲ ಹೊರಗೆ ಕಳಿಸಿ ಮೇಸ್ತ್ರಿ ತಾನೊಬ್ಬನೇ ಒಳಗೆ ನಿಂತ. ನನಗೆ ಅವನು ಕಾಣುವುದಿಲ್ಲ, ಗುಂಡಿ ಕಾಣುವುದಿಲ್ಲ. ಮಾವನ ಮಾತು ಮಾತ್ರ.

"ಇಳಿಸು... ಇಳಿಸು... ಸ್ವಲ್ಪ... ಇನ್ನೂ ಸ್ವಲ್ಪ... ನಿಲ್ಲಿಸಮ್ಮ."

ಕೈ ನಿಂತಿತು. ಆಮೇಲೆ ಕಿವಿಗೆ ಹೊಳೆಯಿತು. ಅಮ್ಮ. ಹುಡುಕಲಿಲ್ಲ, ತಡವರಿಸಲಿಲ್ಲ. ಒಂದನೇ ಚಾನೆಲ್‌ನಲ್ಲಿ, ಸೈಟಿಗೆಲ್ಲ ಕೇಳುವ ಹಾಗೆ, ಕೆಲಸದ ನಡುವೆ ಬಾಯಿಗೆ ಬಂದದ್ದು. ಬಹುಶಃ ಮಾವನಿಗೇ ಗೊತ್ತಾಗಲಿಲ್ಲ. ಕಣ್ಣು ತುಂಬಿತು. ತುಂಬಿದರೂ ಕೈ ಅಲುಗಲಿಲ್ಲ. ಅದೇ ಆಶ್ಚರ್ಯ.

ಗುಂಡಿಯಿಂದ ಮೇಸ್ತ್ರಿ: "ಕೈಯಲ್ಲಿ ತಂದಿಟ್ಟ ಹಾಗೆ ಬಂತು. ಇನ್ನೊಂದು ಕಳಿಸಿ."

ಅಣ್ಣ ಅಂತಲೂ ಇಲ್ಲ, ಅಕ್ಕ ಅಂತಲೂ ಇಲ್ಲ. ಬರೀ ಕಳಿಸಿ. ಇವತ್ತಿಗೆ ಸಾಕು.

ನವೆಂಬರ್ 6, ಬೆಳಿಗ್ಗೆ 6.30

ಕ್ಯಾಬಿನ್‌ನಲ್ಲಿ ಕುಳಿತೇ ಬರೆಯುತ್ತಿದ್ದೇನೆ. ಕೆಳಗೆ ದಟ್ಟ ಮಂಜು. ತಿಳಿಯಾಗುವವರೆಗೆ ಕೆಲಸವಿಲ್ಲ.

ಕಳೆದ ತಿಂಗಳು ಒಂದು ವಾರ ಅದು ಮತ್ತೆ ಬಂದಿತ್ತು. ಹೇಳಿ ಇಳಿದೆ. ಡಾಕ್ಟರಮ್ಮ, ಗುಳಿಗೆಯಲ್ಲಿ ಬದಲಾವಣೆ, ಅಕ್ಕನ ಮನೆ. ಮತ್ತೆ ಹತ್ತಿದೆ.

ಊರೇ ಇಲ್ಲ. ಬಿಳಿ. ದೂರದಲ್ಲಿ ಇನ್ನೆರಡು ಕ್ರೇನ್‌ಗಳ ತಲೆ ಮಾತ್ರ. ಸೂರ್ಯ ಬೆನ್ನ ಹಿಂದೆ ಈಗಷ್ಟೇ ಮೇಲೆ ಬಂದ. ಎದುರಿನ ಮಂಜಿನ ಮೇಲೆ ನಮ್ಮ ಕ್ರೇನಿನ ನೆರಳು ಬಿತ್ತು. ಉದ್ದ ತೋಳು, ಕ್ಯಾಬಿನ್, ಕ್ಯಾಬಿನ್ನಿನ ಗಾಜಿನಲ್ಲಿ ನಾನು. ನನ್ನ ತಲೆಯ ಸುತ್ತ ಕಾಮನಬಿಲ್ಲು. ಅರ್ಧವಲ್ಲ. ಪೂರ್ತಿ. ದುಂಡಗೆ.

ಕೈ ಎತ್ತಿದೆ. ಅವಳೂ ಎತ್ತಿದಳು. ಬಗ್ಗಿದೆ. ಬಣ್ಣದ ಬಳೆ ಅವಳ ತಲೆಯ ಜೊತೆಗೇ ಬಗ್ಗಿತು.

"ಮಾವ. ಮಾವ!"

"ಏನಾಯ್ತಮ್ಮ? ಇಳೀತೀಯಾ? ಬರ್ಲಾ?"

"ಇಲ್ಲ ಮಾವ, ಚೆನ್ನಾಗಿದ್ದೀನಿ. ಮಂಜಿನ ಮೇಲೆ ಒಂದು... ನಿಮಗೆ ಕಾಣ್ತಿಲ್ವಾ?"

"ನನಗೆ ನನ್ನ ಮೀಸೆಯೇ ಕಾಣ್ತಿಲ್ಲ. ಏನದು? ಸರಿಯಾಗಿ ಹೇಳು. ಒಂದೊಂದಾಗಿ ಹೇಳು, ಅವಸರ ಮಾಡ್ಬೇಡ."

ಹೇಳುತ್ತಾ ಹೋದೆ. ನಡುವೆ ಬಿಳಿ. ಅದರ ಸುತ್ತ ತೆಳು ಹಳದಿ. ಅಂಚಿಗೆ ಕೆಂಪು. ಮುಗಿಯಿತು ಅಂದುಕೊಂಡೆ. ಇಲ್ಲ, ಅದರಾಚೆ ಇನ್ನೊಂದು ಸುತ್ತು, ಅದರಾಚೆ ಮತ್ತೊಂದು.